ಹಳೆಯ ಟ್ರ್ಯಾಕ್ಟರಿಗೆ ಎಂಜಿನ್ ಎಣ್ಣೆಯ ಆಯ್ಕೆ: ಮಂದ ಎಣ್ಣೆಗೆ ಮೊದಲು ಅಳತೆ

ಮಳೆಯಾಶ್ರಿತ ಬೇಸಾಯದಲ್ಲಿ ಹದ ತಪ್ಪಿದರೆ ಬಿತ್ತನೆ ತಪ್ಪಿದಂತೆಯೇ. ಕೆಂಪು ಮಣ್ಣಿನಲ್ಲಿ ಹದ ಮಳೆ ಬಿದ್ದ ಮೇಲೆ ಮೇಲ್ಪದರದ ತೇವ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಎರೆ ಭೂಮಿಯಲ್ಲಿ ಮಳೆ ನಿಂತ ಕೂಡಲೇ ಹೊಲಕ್ಕೆ ಇಳಿಯಲಾಗದು. ಇಳಿಯುವಂತಾದ ಮೇಲೆ ಉಳಿಯುವ ಅವಧಿಯೂ ಕಿರಿದು. ವಿಜಯಪುರ, ಬಾಗಲಕೋಟೆ ಭಾಗದ ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿ ಸೂಕ್ತ. ಅನಂತರ ಬಿತ್ತಿದ ಬೆಳೆಗೆ ಮಣ್ಣಿನಲ್ಲಿ ಉಳಿದ ತೇವ ಸಾಲದೆ ಇಳುವರಿ ಕುಗ್ಗುತ್ತದೆ. ಅಂತಹ ದಿನಗಳಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ ನಷ್ಟವು ರಿಪೇರಿಯ ಖರ್ಚಿಗೆ ಮುಗಿಯುವುದಿಲ್ಲ, ಆ ವರ್ಷದ ಬೆಳೆಗೇ ತಟ್ಟುತ್ತದೆ. ಬೇಸಾಯ ಶಾಸ್ತ್ರದ ಸಲಹೆಗಳ ನಡುವೆ ಎಂಜಿನ್ ಎಣ್ಣೆಯ ವಿಚಾರವನ್ನೂ ಸೇರಿಸಬೇಕಾಗಿರುವುದು ಈ ಕಾರಣದಿಂದ.

ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ಇಂದಿಗೂ ಕೆಲಸದಲ್ಲಿವೆ. ಅವುಗಳ ಒಡೆಯರು ಸಾಮಾನ್ಯವಾಗಿ ಪಡೆಯುವ ಸಲಹೆ ಒಂದೇ: "ಎಂಜಿನ್ ಹಳೆಯದಾಗಿದೆ, ಮಂದ ಎಣ್ಣೆ ಹಾಕಿ." ಈ ಸಲಹೆ ಕೆಲವೊಮ್ಮೆ ಸರಿ, ಬಹಳಷ್ಟು ಸಲ ತಪ್ಪು. ಎಂಜಿನ್ ಎಣ್ಣೆಯನ್ನು ಏಕೆ ತಿನ್ನುತ್ತಿದೆ ಅಥವಾ ಒತ್ತಡ ಏಕೆ ಇಳಿದಿದೆ ಎಂಬುದನ್ನು ತಿಳಿಯದೆ ಎಣ್ಣೆಯನ್ನು ಮಂದಗೊಳಿಸುವುದೆಂದರೆ ಬೇರಿನ ರೋಗಕ್ಕೆ ಎಲೆಯ ಮೇಲೆ ಔಷಧ ಸಿಂಪಡಿಸಿದಂತೆ. ಮೊದಲು ಅಳೆಯಬೇಕು, ಅನಂತರ ಆರಿಸಬೇಕು. ಅಳೆಯುವ ಮತ್ತು ಆರಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎಣ್ಣೆಯ ಕೆಲಸ ಮತ್ತು ಹಳೆಯ ಎಂಜಿನ್ನಿನ ಸ್ಥಿತಿ

ಎಂಜಿನ್ನಿನಲ್ಲಿ ಎಣ್ಣೆ ಸವೆತ ತಡೆಯುವುದಷ್ಟೇ ಅಲ್ಲದೆ ಬೇರೆ ಕೆಲಸಗಳನ್ನೂ ಮಾಡುತ್ತದೆ. ಪಿಸ್ಟನ್ ಮತ್ತು ಬೇರಿಂಗುಗಳ ಶಾಖವನ್ನು ಹೊತ್ತೊಯ್ಯುತ್ತದೆ. ಪಿಸ್ಟನ್ ರಿಂಗ್ ಹಾಗೂ ಲೈನರಿನ ನಡುವಿನ ಸಂದನ್ನು ಮುಚ್ಚಿ ಕಂಪ್ರೆಷನ್ ಉಳಿಸುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ, ಉರಿಯುವಿಕೆಯಿಂದ ಉಂಟಾಗುವ ಆಮ್ಲವನ್ನು ತಟಸ್ಥಗೊಳಿಸುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಮಸಿಯನ್ನು ಹಿಡಿದಿಡುವ ಈ ಗುಣದಿಂದಾಗಿ. ಆದ್ದರಿಂದ ಬಣ್ಣವೊಂದನ್ನೇ ನೋಡಿ ಎಣ್ಣೆ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಬಹಳ ದಿನ ದುಡಿದರೂ ಕಪ್ಪಾಗದ ಎಣ್ಣೆಯ ಬಗ್ಗೆಯೇ ಅನುಮಾನ ಪಡುವುದು ಹೆಚ್ಚು ಸೂಕ್ತ.

ಸಾವಿರಾರು ಗಂಟೆ ದುಡಿದ ಎಂಜಿನ್ನಿನಲ್ಲಿ ಲೈನರ್ ಮತ್ತು ರಿಂಗುಗಳು ಸವೆದು ಸಂದು ಹಿಗ್ಗಿರುತ್ತದೆ. ಬೇರಿಂಗುಗಳ ಸಂದು ಹೆಚ್ಚಿದಾಗ ಎಣ್ಣೆ ಅಲ್ಲಿಂದ ಸುಲಭವಾಗಿ ಹೊರಹರಿದು ಒತ್ತಡ ಇಳಿಯುತ್ತದೆ. ವಾಲ್ವ್ ಗೈಡ್ ಸವೆದರೆ ಎಣ್ಣೆ ಮೇಲಿನಿಂದ ಸಿಲಿಂಡರಿಗೆ ಜಾರುತ್ತದೆ. ರಬ್ಬರ್ ಸೀಲುಗಳು ಗಡಸಾಗಿ ಅಲ್ಲಲ್ಲಿ ಎಣ್ಣೆ ಜಿನುಗತೊಡಗುತ್ತದೆ. ಈ ನಾಲ್ಕು ತೊಂದರೆಗಳ ಕಾರಣಗಳು ಬೇರೆ ಬೇರೆಯಾದುದರಿಂದ ಪರಿಹಾರಗಳೂ ಬೇರೆಯಾಗಿರಬೇಕು. ಎಲ್ಲಕ್ಕೂ ಒಂದೇ ಡಬ್ಬದಲ್ಲಿ ಉತ್ತರ ಸಿಗಲಾರದು.

ಡಬ್ಬದ ಮೇಲಿನ ಬರಹವನ್ನು ಓದುವ ಬಗೆ

ಎಣ್ಣೆಯ ಡಬ್ಬದ ಮೇಲೆ ಎರಡು ಬರಹಗಳನ್ನು ಗಮನಿಸಬೇಕು. ಮೊದಲನೆಯದು ಎಸ್‌ಎಇ ದರ್ಜೆ, ಎರಡನೆಯದು ಎಪಿಐ ವರ್ಗ. ಮೊದಲನೆಯದು ಎಣ್ಣೆ ಎಷ್ಟು ಮಂದ ಎಂಬುದನ್ನು ಹೇಳಿದರೆ, ಎರಡನೆಯದು ಯಾವ ಬಗೆಯ ಎಂಜಿನ್ನಿಗೆ, ಯಾವ ಮಟ್ಟದ ರಕ್ಷಣೆ ನೀಡುವ ಎಣ್ಣೆ ಎಂಬುದನ್ನು ಹೇಳುತ್ತದೆ.

ಎಸ್‌ಎಇ ದರ್ಜೆಯನ್ನು 15ಡಬ್ಲ್ಯೂ-40, 20ಡಬ್ಲ್ಯೂ-40, 20ಡಬ್ಲ್ಯೂ-50 ಎಂದು ಬರೆದಿರುತ್ತಾರೆ. ಇದರಲ್ಲಿ ಡಬ್ಲ್ಯೂ ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಅದರ ಹಿಂದಿನ ಅಂಕೆ ಕೊರೆಯುವ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ತಿಳಿಸುತ್ತದೆ. 15ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯೂ ಎಣ್ಣೆಯನ್ನು 15 ಡಿಗ್ರಿ ಕೆಳಗೆ ಎಂಜಿನ್ ತಿರುಗಿಸುವ ಪರೀಕ್ಷೆಗೆ ಒಳಪಡಿಸುತ್ತಾರೆ. ಕರ್ನಾಟಕದ ಯಾವ ಹೊಲದಲ್ಲಿಯೂ ಅಂತಹ ಚಳಿ ಇಲ್ಲ. ಹಾಗಾಗಿ ನಮ್ಮಲ್ಲಿ 15ಡಬ್ಲ್ಯೂ ಮತ್ತು 20ಡಬ್ಲ್ಯೂ ಎರಡೂ ನಡೆಯುತ್ತವೆ. ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿದಾಗ 15ಡಬ್ಲ್ಯೂ ಎಣ್ಣೆ ಸ್ವಲ್ಪ ಬೇಗ ಮೇಲಿನ ಭಾಗಗಳನ್ನು ತಲುಪುತ್ತದೆ ಎಂಬುದಷ್ಟೇ ವ್ಯತ್ಯಾಸ.

ನಮಗೆ ಮುಖ್ಯವಾದುದು ಎರಡನೆಯ ಅಂಕೆ. ಅದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಎಂಜಿನ್ ಕಾದು ದುಡಿಯುವ ಸ್ಥಿತಿಯಲ್ಲಿ, ಎಣ್ಣೆಯ ಸ್ನಿಗ್ಧತೆಯನ್ನು ಸೂಚಿಸುತ್ತದೆ. 40ರ ದರ್ಜೆಯ ಎಣ್ಣೆಯ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. 50ರ ದರ್ಜೆಯದು 16.3ರಿಂದ 21.9ರ ಒಳಗೆ. ಮಾರುಕಟ್ಟೆಯಲ್ಲಿ ದೊರೆಯುವ ಎರಡು ಎಣ್ಣೆಗಳನ್ನು ಹೋಲಿಸಿದರೆ 50ರದು 40ಕ್ಕಿಂತ ಸುಮಾರು ಕಾಲು ಭಾಗದಷ್ಟು ಮಂದವಾಗಿರುತ್ತದೆ. ಸವೆದುಹೋದ ರಿಂಗನ್ನು ಈ ಕಾಲು ಭಾಗದ ವ್ಯತ್ಯಾಸ ಸರಿಪಡಿಸಲಾರದು.

ಎಪಿಐ ಎಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ನಿಗದಿಪಡಿಸಿರುವ ವರ್ಗ. 'ಎಸ್' ಅಕ್ಷರದಿಂದ ಆರಂಭವಾಗುವ ವರ್ಗಗಳು ಪೆಟ್ರೋಲ್ ಎಂಜಿನ್ನಿಗೆ, 'ಸಿ' ಅಕ್ಷರದಿಂದ ಆರಂಭವಾಗುವವು ಡೀಸೆಲ್ ಎಂಜಿನ್ನಿಗೆ. ಕೊನೆಯಲ್ಲಿರುವ 4 ಎಂಬ ಅಂಕೆ ನಾಲ್ಕು ಸ್ಟ್ರೋಕಿನ ಎಂಜಿನ್ನನ್ನು ಸೂಚಿಸುತ್ತದೆ. ಸಿಎಫ್-4 ವರ್ಗ 1990ರಲ್ಲಿಯೂ, ಸಿಎಚ್-4 1998ರಲ್ಲಿಯೂ, ಸಿಐ-4 2002ರಲ್ಲಿಯೂ, ಸಿಕೆ-4 2016ರಲ್ಲಿಯೂ ಬಳಕೆಗೆ ಬಂದವು. ತಮ್ಮ ಹಳೆಯ ಕೈಪಿಡಿಯಲ್ಲಿ ಸಿಡಿ, ಸಿಎಫ್-4 ಅಥವಾ ಸಿಎಚ್-4 ಎಂದಿದ್ದರೆ, ಅದೇ ಎಸ್‌ಎಇ ದರ್ಜೆಯ ಸಿಐ-4 ಎಣ್ಣೆಯನ್ನು ಧೈರ್ಯವಾಗಿ ಬಳಸಬಹುದು. ಹೊಸ ವರ್ಗದ ಎಣ್ಣೆ ಹಳೆಯ ಎಂಜಿನ್ನಿಗೆ ಹೆಚ್ಚಿನ ರಕ್ಷಣೆಯನ್ನೇ ಕೊಡುತ್ತದೆ. ಸಿಕೆ-4 ಎಣ್ಣೆಯನ್ನು ಹೊಗೆ ಸೋಸುವ ಫಿಲ್ಟರ್ ಅಳವಡಿಸಿದ ಹೊಸ ಎಂಜಿನ್ನುಗಳನ್ನು ಗಮನದಲ್ಲಿಟ್ಟು ರೂಪಿಸಲಾಗಿದೆ; ಹಳೆಯ ಟ್ರ್ಯಾಕ್ಟರಿಗೆ ಅದಕ್ಕಾಗಿ ಹೆಚ್ಚು ಹಣ ತೆರಬೇಕಾದ ಅಗತ್ಯವಿಲ್ಲ. ಆದರೆ ಎಫ್‌ಎ-4 ಎಂದು ಬರೆದಿರುವ ಎಣ್ಣೆ ಬೇಡ. ಅದು ಹೊಸ ಲಾರಿಗಳ ಎಂಜಿನ್ನಿಗಾಗಿ ತಯಾರಾದ ತೆಳು ಎಣ್ಣೆ.

ಮಂದ ಎಣ್ಣೆಯ ಲಾಭ ಮತ್ತು ಹಾನಿ

ಮಂದ ಎಣ್ಣೆ ಹಾಕಿದ ಕೂಡಲೇ ಒತ್ತಡದ ಮುಳ್ಳು ಮೇಲೇರುತ್ತದೆ. ಎಂಜಿನ್ನಿನ ಸದ್ದು ತುಸು ಕಡಿಮೆಯಾಗುತ್ತದೆ, ಜಿನುಗುವಿಕೆಯೂ ಇಳಿಯಬಹುದು. ಇದರಿಂದ ಸಮಸ್ಯೆ ಬಗೆಹರಿಯಿತೆಂದು ಭಾವಿಸುವುದು ಸಹಜ. ಆದರೆ ಒತ್ತಡದ ಮುಳ್ಳು ಎಣ್ಣೆಯ ಹರಿವನ್ನು ಅಳೆಯುವುದಿಲ್ಲ, ಹರಿವಿಗೆ ಎದುರಾಗುವ ಅಡ್ಡಿಯನ್ನು ತೋರಿಸುತ್ತದೆ. ಮಂದ ಎಣ್ಣೆಯಿಂದ ಒತ್ತಡ ಹೆಚ್ಚಿದೆ ಎಂದ ಮಾತ್ರಕ್ಕೆ ಬೇರಿಂಗಿಗೆ ಹೆಚ್ಚು ಎಣ್ಣೆ ತಲುಪುತ್ತಿದೆ ಎಂದು ಅರ್ಥವಲ್ಲ.

ಬೆಳಗಿನ ತಂಪಿನಲ್ಲಿ ಯಾವುದೇ ಎಣ್ಣೆ ಕಾದ ಸ್ಥಿತಿಗಿಂತ ಹಲವು ಪಟ್ಟು ಮಂದವಾಗಿರುತ್ತದೆ. ಅಗತ್ಯಕ್ಕಿಂತ ಮಂದವಾದ ಎಣ್ಣೆ ವಾಲ್ವುಗಳ ಮೇಲ್ಭಾಗವನ್ನು ತಡವಾಗಿ ಸೇರುತ್ತದೆ. ಫಿಲ್ಟರಿನ ಮೂಲಕ ಹಾದುಹೋಗಲು ಕಷ್ಟವಾದಾಗ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಎಣ್ಣೆಯೇ ಬೇರಿಂಗಿಗೆ ಹೋಗುತ್ತದೆ. ಎಣ್ಣೆಯನ್ನು ಕಲಕಲು ಎಂಜಿನ್ ಹೆಚ್ಚು ಶಕ್ತಿ ವ್ಯಯಿಸಬೇಕಾಗಿ ಡೀಸೆಲ್ ಖರ್ಚೂ ತುಸು ಏರುತ್ತದೆ. ಎಲ್ಲಕ್ಕಿಂತ ದೊಡ್ಡ ಹಾನಿಯೆಂದರೆ ನಿಜವಾದ ದೋಷ ಮರೆಯಾಗಿ ಉಳಿಯುವುದು. ಆ ದೋಷ ಬಿತ್ತನೆಯ ಹೊತ್ತಿಗೇ ಹೊರಬೀಳುವ ಸಾಧ್ಯತೆ ಹೆಚ್ಚು, ಏಕೆಂದರೆ ಎಂಜಿನ್ನಿನ ಮೇಲೆ ದಿನವಿಡೀ ಭಾರ ಬೀಳುವುದು ಆಗಲೇ.

ಮೊದಲು ಅಳೆಯಿರಿ

ಎಣ್ಣೆಯನ್ನು ಬದಲಿಸುವ ನಿರ್ಧಾರಕ್ಕೆ ಮುನ್ನ ಈ ಐದು ಪರಿಶೀಲನೆಗಳನ್ನು ಮಾಡಬೇಕು. ಇವುಗಳಿಗೆ ಬೇಕಾಗುವುದು ಒಂದು ನೋಟ್ ಪುಸ್ತಕ ಮತ್ತು ಸ್ವಲ್ಪ ತಾಳ್ಮೆ ಮಾತ್ರ.

1. ಎಣ್ಣೆ ಖರ್ಚಿನ ಲೆಕ್ಕ. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಅಳತೆ ಕಡ್ಡಿಯ ಮೇಲಿನ ಗುರುತಿನವರೆಗೆ ಎಣ್ಣೆ ತುಂಬಿಸಿ. ಅಂದಿನಿಂದ ಹಾಕುವ ಡೀಸೆಲನ್ನೂ, ಮತ್ತೆ ಅದೇ ಗುರುತಿಗೆ ತರಲು ಸೇರಿಸುವ ಎಣ್ಣೆಯನ್ನೂ ಬರೆದಿಡಿ. 100 ಲೀಟರ್ ಡೀಸೆಲ್ ಮುಗಿಯುವಷ್ಟರಲ್ಲಿ ಸೇರಿಸಿದ ಎಣ್ಣೆ ಎಷ್ಟೆಂದು ನೋಡಿ. ಕಾಲು ಲೀಟರಿನ ಆಸುಪಾಸಿನಲ್ಲಿದ್ದರೆ ಹಳೆಯ ಎಂಜಿನ್ನಿಗೆ ಚಿಂತೆಯಿಲ್ಲ. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಬೇಕು. ಒಂದು ಲೀಟರ್, ಅಂದರೆ ಇಂಧನದ ಶೇ. 1 ತಲುಪಿದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರ ಬಂದಿದೆ ಎಂದು ತಿಳಿಯಬೇಕು.

2. ಹೊಗೆಯ ಬಣ್ಣ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವ ಲಕ್ಷಣ. ಚಾಲೂ ಮಾಡಿದಾಗ ಒಮ್ಮೆ ಬಂದು ನಿಂತರೆ ವಾಲ್ವ್ ಗೈಡಿನ ಸವೆತ, ಭಾರ ಎಳೆಯುವಾಗ ಎಡೆಬಿಡದೆ ಬಂದರೆ ರಿಂಗ್ ಅಥವಾ ಲೈನರಿನ ಸವೆತ ಎಂದು ಊಹಿಸಬಹುದು. ಕಪ್ಪು ಹೊಗೆಗೂ ಎಂಜಿನ್ ಎಣ್ಣೆಗೂ ಸಾಮಾನ್ಯವಾಗಿ ಸಂಬಂಧವಿಲ್ಲ; ಅದು ಗಾಳಿ ಸಾಲದಿರುವುದನ್ನು ಅಥವಾ ಇಂಧನ ಹೆಚ್ಚಾಗಿರುವುದನ್ನು ತೋರಿಸುತ್ತದೆ.

3. ಬ್ರೀದರ್ ಕೊಳವೆ. ಎಂಜಿನ್ ಕಾದ ಮೇಲೆ ಬ್ರೀದರಿನಿಂದ ಹೊಗೆ ರಭಸವಾಗಿ, ಬಿಟ್ಟುಬಿಟ್ಟು ನುಗ್ಗುತ್ತಿದ್ದರೆ ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ. ಮೆಕ್ಯಾನಿಕ್ ಕಂಪ್ರೆಷನ್ ಪರೀಕ್ಷೆ ಮಾಡಿ ಇದನ್ನು ಖಚಿತಪಡಿಸಬಹುದು.

4. ಎಣ್ಣೆಯ ಮಟ್ಟ ಏರುತ್ತಿದೆಯೇ? ಎಣ್ಣೆ ಹಾಕದಿದ್ದರೂ ಕಡ್ಡಿಯಲ್ಲಿ ಮಟ್ಟ ಏರಿದ್ದರೆ ಹಿಗ್ಗಬೇಡಿ; ಚೇಂಬರಿಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ ಎಂದರ್ಥ. ಇಂಧನ ಎತ್ತುವ ಪಂಪಿನ ಡಯಾಫ್ರಾಮ್ ಹರಿದಾಗ ಡೀಸೆಲ್ ಒಳಗಿಳಿಯುತ್ತದೆ. ಶೇ. 5ರಷ್ಟು ಡೀಸೆಲ್ ಬೆರೆತರೂ 40ರ ಎಣ್ಣೆ ಸುಮಾರು 30ರ ಮಟ್ಟಕ್ಕೆ ತೆಳುವಾಗಬಲ್ಲದು. ಆಗ ಒತ್ತಡ ಇಳಿಯುತ್ತದೆ, ಒಡೆಯ ಮಂದ ಎಣ್ಣೆ ತರುತ್ತಾನೆ, ಡೀಸೆಲ್ ಅದನ್ನೂ ತೆಳುವಾಗಿಸುತ್ತದೆ. ಇಲ್ಲಿ ಬದಲಿಸಬೇಕಾದುದು ಪಂಪಿನ ಒಂದು ಚಿಕ್ಕ ಭಾಗ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ರಿಂಗನ್ನು ನೋಡಿಸಬೇಕು. ಅಂತಹ ಸ್ಥಿತಿಯಲ್ಲಿ ಟ್ರ್ಯಾಕ್ಟರ್ ಓಡಿಸಲೇಬಾರದು.

5. ಏರ್ ಕ್ಲೀನರ್. ಹಳೆಯ ಟ್ರ್ಯಾಕ್ಟರುಗಳಲ್ಲಿ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಬಟ್ಟಲಿನಲ್ಲಿ ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದರೆ ಎಂಜಿನ್ ಅದನ್ನು ಹೀರಿಕೊಂಡು ಉರಿಸುತ್ತದೆ. ಆಗ ಬರುವ ನೀಲಿ ಹೊಗೆಯನ್ನು ಕಂಡು ರಿಂಗ್ ಸವೆದಿದೆ ಎಂದು ಮೋಸಹೋಗುವುದುಂಟು. ಗುರುತಿಗಿಂತ ಕಡಿಮೆ ಇದ್ದರೆ ದೂಳು ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೂ ಇದೇ ಪರಿಣಾಮ.

ಇವುಗಳ ಜೊತೆಗೆ ಒತ್ತಡದ ಮುಳ್ಳು ತೋರಿಸುವುದನ್ನು ಒಮ್ಮೆಗೇ ನಂಬಬಾರದು. ಹಳೆಯ ಗೇಜುಗಳು ಕೆಟ್ಟಿರುವುದು ಸಾಮಾನ್ಯ. ಮೆಕ್ಯಾನಿಕ್ ಬಳಿಯಿರುವ ಬೇರೊಂದು ಗೇಜನ್ನು ಜೋಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಧಾನ ವೇಗದಲ್ಲಿಯೂ ಕೆಲಸದ ವೇಗದಲ್ಲಿಯೂ ಅಳೆದು ಕೈಪಿಡಿಯ ಅಂಕೆಗಳೊಂದಿಗೆ ಹೋಲಿಸಿ.

ಯಾವ ಸ್ಥಿತಿಗೆ ಯಾವ ಎಣ್ಣೆ

ಮೊದಲನೆಯ ಸ್ಥಿತಿ: ಎಣ್ಣೆ ಖರ್ಚು ಕಡಿಮೆ, ಒತ್ತಡ ಸರಿಯಾಗಿದೆ. ಎಂಜಿನ್ ಎಷ್ಟೇ ಹಳೆಯದಾಗಿದ್ದರೂ ಕೈಪಿಡಿ ಹೇಳಿದ ದರ್ಜೆಯನ್ನೇ ಮುಂದುವರಿಸಿ. ಕೈಪಿಡಿ ಕಳೆದುಹೋಗಿದ್ದರೆ ಅಥವಾ ತಯಾರಕರೇ ಕೆಲಸ ನಿಲ್ಲಿಸಿದ್ದರೆ, ನಮ್ಮ ಹವಾಮಾನದಲ್ಲಿ ದುಡಿಯುವ ಹಳೆಯ ಟ್ರ್ಯಾಕ್ಟರಿಗೆ 15ಡಬ್ಲ್ಯೂ-40, ಸಿಐ-4 ವರ್ಗದ ಸಾಮಾನ್ಯ ಖನಿಜ ಎಣ್ಣೆ ಸೂಕ್ತ ಆಯ್ಕೆ. ಎಚ್‌ಎಂಟಿ ಸಂಸ್ಥೆಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಆ ಟ್ರ್ಯಾಕ್ಟರುಗಳನ್ನು ಇಂದಿಗೂ ಉಳಿಸಿಕೊಂಡಿರುವವರಿಗೆ ಈ ಮಾತು ಅನ್ವಯಿಸುತ್ತದೆ.

ಎರಡನೆಯ ಸ್ಥಿತಿ: ಕಾದ ಎಂಜಿನ್ನಿನಲ್ಲಿ ನಿಧಾನ ವೇಗದ ಒತ್ತಡ ತುಸು ಕಡಿಮೆ, ಎಣ್ಣೆ ಖರ್ಚು 100 ಲೀಟರ್ ಡೀಸೆಲಿಗೆ ಅರ್ಧ ಲೀಟರಿನ ಆಸುಪಾಸು; ಡೀಸೆಲ್, ನೀರು ಬೆರೆತಿಲ್ಲ, ಏರ್ ಕ್ಲೀನರ್ ಸರಿಯಾಗಿದೆ, ಗೇಜಿನ ದೋಷವಿಲ್ಲ. ಆಗ 20ಡಬ್ಲ್ಯೂ-50, ಸಿಐ-4 ಅಥವಾ ಸಿಎಚ್-4 ಎಣ್ಣೆಯನ್ನು ಬಳಸಬಹುದು. ಕಲಬುರಗಿ, ರಾಯಚೂರು ಭಾಗದಲ್ಲಿ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಾಗಿ ಉಳುಮೆ ಮಾಡುವ ಟ್ರ್ಯಾಕ್ಟರುಗಳಿಗೆ ಇದು ಹೆಚ್ಚು ಹೊಂದುತ್ತದೆ. ಮಂದ ಎಣ್ಣೆಯ ಸಲಹೆ ಸರಿಯಾಗುವುದು ಈ ಒಂದು ಸ್ಥಿತಿಯಲ್ಲಿ ಮಾತ್ರ. ಆಗಲೂ ಅದು ಎಂಜಿನ್ ಕೆಲಸವನ್ನು ಸುಗ್ಗಿಯ ನಂತರಕ್ಕೆ ಮುಂದೂಡಲು ಸಿಕ್ಕ ಅವಕಾಶವೇ ಹೊರತು ಶಾಶ್ವತ ಪರಿಹಾರವಲ್ಲ.

ಮೂರನೆಯ ಸ್ಥಿತಿ: 100 ಲೀಟರ್ ಡೀಸೆಲಿಗೆ ಒಂದು ಲೀಟರ್ ಅಥವಾ ಹೆಚ್ಚು ಎಣ್ಣೆ ಖರ್ಚು, ಭಾರದಲ್ಲಿ ನೀಲಿ ಹೊಗೆ, ಬ್ರೀದರಿನಿಂದ ರಭಸದ ಹೊಗೆ, ಅಥವಾ ಕೆಲಸದ ವೇಗದಲ್ಲಿಯೂ ಒತ್ತಡ ಕೈಪಿಡಿಯ ಮಿತಿಗಿಂತ ಕಡಿಮೆ. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಬೆಳೆ ಹೊಲದಲ್ಲಿಲ್ಲದ ತಿಂಗಳನ್ನು ಆರಿಸಿಕೊಂಡು ರಿಂಗ್, ಲೈನರ್, ಬೇರಿಂಗುಗಳ ಕೆಲಸ ಮಾಡಿಸಿ. ಆ ಕೆಲಸ ಮುಗಿದ ಎಂಜಿನ್ನಿಗೆ ಮತ್ತೆ ಕೈಪಿಡಿಯ ದರ್ಜೆಯನ್ನೇ ಹಾಕಬೇಕು. ಹಳೆಯ ಅಭ್ಯಾಸದಿಂದ 50ರ ಎಣ್ಣೆ ಮುಂದುವರಿಸಬಾರದು.

ಹೆಚ್ಚು ಓಡಿದ ಕಾರುಗಳಿಗಾಗಿ ಮಾರುವ ವಿಶೇಷ ಎಣ್ಣೆಗಳಲ್ಲಿ ಸೀಲನ್ನು ಮೃದುಗೊಳಿಸುವ ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಹಲವು ಪೆಟ್ರೋಲ್ ಎಂಜಿನ್ನಿಗಾಗಿ ತಯಾರಾದವು. ಟ್ರ್ಯಾಕ್ಟರಿನ ಸೀಲ್ ಹರಿದಿದ್ದರೆ ಸೀಲ್ ಬದಲಿಸುವುದೇ ಅಗ್ಗದ ದಾರಿ. ಹಾಗೆಯೇ ಎಂಜಿನ್ ಸದ್ದು ಅಡಗಿಸುವ, ಹೊಗೆ ನಿಲ್ಲಿಸುವ ಬಾಟಲಿಗಳನ್ನು ಎಣ್ಣೆಗೆ ಬೆರೆಸಬೇಡಿ. ಎಣ್ಣೆಯಲ್ಲಿ ತಯಾರಕರು ಸೇರಿಸಿರುವ ರಾಸಾಯನಿಕಗಳ ಸಮತೋಲನ ಅದರಿಂದ ಕೆಡಬಹುದು.

ದೂಳು, ಗಂಟೆ ಮತ್ತು ಡೀಸೆಲಿನ ಲೆಕ್ಕ

ಎಂತಹ ಎಣ್ಣೆ ಎಂಬುದಕ್ಕಿಂತ ಎಷ್ಟು ಗಂಟೆಗೊಮ್ಮೆ ಬದಲಿಸುತ್ತೀರಿ ಎಂಬುದು ಹಳೆಯ ಎಂಜಿನ್ನಿಗೆ ಹೆಚ್ಚು ಮುಖ್ಯ. ಹಳೆಯ ಟ್ರ್ಯಾಕ್ಟರುಗಳ ಹಲವು ಕೈಪಿಡಿಗಳು 200ರಿಂದ 250 ಗಂಟೆಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಲು ಹೇಳುತ್ತವೆ. ಒಣ ಭೂಮಿಯಲ್ಲಿ ರೋಟಾವೇಟರ್ ಹೊಡೆಯುವಾಗ, ಒಕ್ಕಣೆ ಯಂತ್ರದ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತು ದುಡಿಯುವಾಗ ದೂಳು ಹೆಚ್ಚು. ಅಂತಹ ಕೆಲಸವೇ ಪ್ರಧಾನವಾಗಿದ್ದರೆ ಈ ಅವಧಿಯನ್ನು ಅರ್ಧಕ್ಕೆ ಇಳಿಸುವುದು ಒಳ್ಳೆಯದು. ಆ ದಿನಗಳಲ್ಲಿ ಏರ್ ಕ್ಲೀನರಿನ ಬಟ್ಟಲನ್ನು ಪ್ರತಿದಿನ ನೋಡಿ, ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಹೊಸ ಎಣ್ಣೆ ಹಾಕಬೇಕು. ಹಳೆಯ ಎಂಜಿನ್ ಎಣ್ಣೆಯನ್ನೇ ಬಟ್ಟಲಿಗೆ ಸುರಿಯುವ ರೂಢಿ ಸರಿಯಲ್ಲ.

ಹಿಂದೆ ಡೀಸೆಲಿನಲ್ಲಿದ್ದ ಗಂಧಕ ಉರಿದು ಆಮ್ಲವಾಗಿ ಎಣ್ಣೆಯನ್ನು ಬೇಗ ಕೆಡಿಸುತ್ತಿತ್ತು. ಬಿಎಸ್-3 ಮಾನದಂಡದ ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 350 ಭಾಗ ಇತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ದೊರೆಯುತ್ತಿರುವ ಬಿಎಸ್-6 ಡೀಸೆಲಿನಲ್ಲಿ ಅದು ಕೇವಲ 10. ಆಮ್ಲದ ಕಾಟ ಇಳಿದಿದೆ, ಆದರೆ ದೂಳು ಮತ್ತು ಮಸಿಯ ಕಾಟ ಇಳಿದಿಲ್ಲ. ಆದ್ದರಿಂದ ಡೀಸೆಲ್ ಶುದ್ಧವಾಗಿದೆ ಎಂಬ ನೆಪದಿಂದ ಬದಲಾವಣೆಯ ಅವಧಿಯನ್ನು ಹಿಗ್ಗಿಸಬಾರದು.

ಹಳೆಯ ಟ್ರ್ಯಾಕ್ಟರುಗಳಲ್ಲಿ ಗಂಟೆ ತೋರಿಸುವ ಮೀಟರ್ ಕೆಟ್ಟಿರುವುದೇ ಹೆಚ್ಚು. ಅದಕ್ಕೆ ಸುಲಭ ಉಪಾಯವಿದೆ: ಡೀಸೆಲನ್ನೇ ಗಡಿಯಾರವಾಗಿಸಿಕೊಳ್ಳಿ. ತಮ್ಮ ಟ್ರ್ಯಾಕ್ಟರ್ ಗಂಟೆಗೆ ಸರಾಸರಿ 4 ಲೀಟರ್ ಡೀಸೆಲ್ ಕುಡಿಯುತ್ತಿದ್ದರೆ 250 ಗಂಟೆ ಎಂದರೆ 1,000 ಲೀಟರ್. ದೂಳಿನ ಕೆಲಸವಿದ್ದರೆ 500 ಲೀಟರಿಗೆ ಎಣ್ಣೆ ಬದಲಿಸಬೇಕು. ಡೀಸೆಲ್ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟುಕೊಂಡರೂ ಸಾಕು. ಟ್ರ್ಯಾಕ್ಟರ್ ಕಡಿಮೆ ದುಡಿದಿದ್ದರೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಎಣ್ಣೆ ಬದಲಿಸುವುದು ತಪ್ಪಬಾರದು.

ಖರ್ಚಿನ ಮಾತು ಬಂದಾಗ ಈ ಲೆಕ್ಕ ನೋಡಿ. ಚೇಂಬರಿಗೆ ಹಿಡಿಯುವ ಎಣ್ಣೆ 7 ಲೀಟರ್ ಎನ್ನೋಣ. ಅದು 1,000 ಲೀಟರ್ ಡೀಸೆಲಿನ ಶೇ. 0.7 ಮಾತ್ರ. ಎಣ್ಣೆಯ ಬೆಲೆ ಲೀಟರಿಗೆ ಡೀಸೆಲಿನ ನಾಲ್ಕು ಪಟ್ಟು ಎಂದು ಹಿಡಿದರೂ ಒಟ್ಟು ಖರ್ಚು ಡೀಸೆಲ್ ಖರ್ಚಿನ ಶೇ. 3ನ್ನು ಮುಟ್ಟುವುದಿಲ್ಲ. ಇಷ್ಟರಲ್ಲಿ ಉಳಿತಾಯ ಮಾಡಲು ಹೋಗಿ ಲೈನರ್ ಸವೆಸಿಕೊಳ್ಳುವುದು ಲಾಭದ ಬೇಸಾಯವಲ್ಲ.

ಎಣ್ಣೆ ಬದಲಿಸುವ ಕ್ರಮ

ಎಂಜಿನ್ ಅರ್ಧ ಗಂಟೆ ದುಡಿದು ಕಾದಿರುವಾಗ ಎಣ್ಣೆ ಇಳಿಸಬೇಕು. ತಣ್ಣಗಿರುವಾಗ ಇಳಿಸಿದರೆ ಮಸಿ ಮತ್ತು ಕಣಗಳು ತಳದಲ್ಲಿಯೇ ಉಳಿಯುತ್ತವೆ. ಬಿಸಿ ಎಣ್ಣೆ ಮೈಮೇಲೆ ಸಿಡಿಯದಂತೆ ಎಚ್ಚರ ವಹಿಸಿ. ಟ್ರ್ಯಾಕ್ಟರ್ ಸಮತಟ್ಟಾಗಿ ನಿಂತಿರಲಿ, ಹದಿನೈದು ನಿಮಿಷವಾದರೂ ಸುರಿಯಲು ಬಿಡಿ. ಇಳಿದ ಎಣ್ಣೆಯಲ್ಲಿ ಹೊಳೆಯುವ ಲೋಹದ ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಎಣ್ಣೆಯೊಂದಿಗೆ ಫಿಲ್ಟರನ್ನೂ ಬದಲಿಸಬೇಕು. ಫಿಲ್ಟರ್ ತೊಳೆದು ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ. ಹೊಸ ಎಣ್ಣೆ ತುಂಬಿದ ಮೇಲೆ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಉರಿಯಗೊಡದೆ ಸೆಲ್ಫಿನಿಂದ ಕೆಲವು ಕ್ಷಣ ತಿರುಗಿಸಿ. ಎಣ್ಣೆ ಎಲ್ಲ ಭಾಗಗಳನ್ನು ತಲುಪಿ ಒತ್ತಡ ಬಂದ ನಂತರ ಚಾಲೂ ಮಾಡಿ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷದ ನಂತರ ಮಟ್ಟ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರ ಇದ್ದರೆ ಸಾಕು. ಮೇಲಿನ ಗುರುತು ದಾಟಿದರೆ ಎಣ್ಣೆ ನೊರೆಯಾಗುತ್ತದೆ, ಉರಿದುಹೋಗುವ ಪ್ರಮಾಣವೂ ಹೆಚ್ಚುತ್ತದೆ.

ವರ್ಷಗಟ್ಟಲೆ ಎಣ್ಣೆ ಬದಲಿಸದ ಟ್ರ್ಯಾಕ್ಟರನ್ನು ಕೊಂಡವರು ಒಂದು ವಿಷಯ ಗಮನಿಸಬೇಕು. ಒಳಗೆ ಗಟ್ಟಿಯಾಗಿ ಕೂತ ಕೊಳೆಯನ್ನು ಸಿಐ-4 ಎಣ್ಣೆ ಕರಗಿಸಿ ಫಿಲ್ಟರಿಗೆ ತರುತ್ತದೆ. ಆದ್ದರಿಂದ ಮೊದಲ ಸಲ 50 ಗಂಟೆಗೆ, ಅನಂತರ 100 ಗಂಟೆಗೆ ಎಣ್ಣೆ ಹಾಗೂ ಫಿಲ್ಟರ್ ಬದಲಿಸಿ, ಆಮೇಲೆ ಸಾಮಾನ್ಯ ಅವಧಿಗೆ ಬರಬೇಕು. ಒಳ್ಳೆಯ ಎಣ್ಣೆ ಹಾಕಿದ ಮೇಲೆ ಜಿನುಗತೊಡಗಿತು ಎಂಬ ದೂರಿಗೂ ಇದೇ ಕಾರಣ. ಕೊಳೆ ಮುಚ್ಚಿಕೊಂಡಿದ್ದ ಸಂದು ತೆರೆದುಕೊಂಡಿರುತ್ತದೆ; ಎಣ್ಣೆ ಸೀಲನ್ನು ಕೆಡಿಸಿರುವುದಿಲ್ಲ.

ಕೊಳ್ಳುವಾಗ ಮುಚ್ಚಳದ ಮುದ್ರೆ ಒಡೆಯದ ಡಬ್ಬವನ್ನೇ ಆರಿಸಿ, ರಸೀದಿ ಪಡೆಯಿರಿ. ಪೀಪಾಯಿಯಿಂದ ಅಳೆದು ಕೊಡುವ ಬಿಡಿ ಎಣ್ಣೆ ಯಾವ ವರ್ಗದ್ದು, ಬಳಸಿದ ಎಣ್ಣೆಯನ್ನೇ ಸೋಸಿದ್ದೋ ಎಂಬುದನ್ನು ಕಣ್ಣಿನಿಂದ ಗುರುತಿಸಲಾಗದು. ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್‌ಗೆ ಹಾಕುವ ಎಣ್ಣೆ ಬೇರೆ. ಉಳಿದಿದೆ ಎಂದು ಅದನ್ನು ಎಂಜಿನ್ನಿಗೆ ಸುರಿಯಬಾರದು.

ಬಳಸಿದ ಎಣ್ಣೆಯ ವಿಲೇವಾರಿ

ಇಳಿಸಿದ ಎಣ್ಣೆಯನ್ನು ಬಾವಿಯ ಬಳಿ, ಕಾಲುವೆಯಲ್ಲಿ ಅಥವಾ ಹೊಲದ ಮೂಲೆಯಲ್ಲಿ ಚೆಲ್ಲುವುದು, ಮರದ ಬುಡಕ್ಕೆ ಬಳಿಯುವುದು ನಮ್ಮಲ್ಲಿ ಕಂಡುಬರುವ ರೂಢಿ. ಎಣ್ಣೆ ಬಿದ್ದ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ, ಸೂಕ್ಷ್ಮಜೀವಿಗಳು ನಶಿಸುತ್ತವೆ. ಅದರಲ್ಲಿರುವ ಸವೆದ ಲೋಹ ಮತ್ತು ಉರಿದ ಪದಾರ್ಥಗಳು ಚರ್ಮಕ್ಕೂ ಹಾನಿಕರ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಪರವಾನಗಿ ಪಡೆದ ಸಂಗ್ರಹಕಾರರಿಗೆ ಎಣ್ಣೆ ಒಪ್ಪಿಸುವ ಸರ್ವಿಸ್ ಕೇಂದ್ರಕ್ಕೆ ತಲುಪಿಸಿ.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮ ಮಟ್ಟದ ತರಬೇತಿಗಳಲ್ಲಿ ಎರಡು ಸರಳ ಪರೀಕ್ಷೆಗಳನ್ನು ತೋರಿಸಿಕೊಡಬಹುದು. ಬಿಸಿ ಎಂಜಿನ್ನಿನ ಅಳತೆ ಕಡ್ಡಿಯಿಂದ ಒಂದು ಹನಿ ಎಣ್ಣೆಯನ್ನು ಒತ್ತುಕಾಗದದ ಮೇಲೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಡಿ. ಮಸಿ ನಡುವಿನಿಂದ ಅಂಚಿಗೆ ಹಂತಹಂತವಾಗಿ ತಿಳಿಯಾಗುತ್ತ ಹರಡಿದ್ದರೆ ಎಣ್ಣೆಗೆ ಇನ್ನೂ ಸತ್ವವಿದೆ. ಮಸಿಯೆಲ್ಲ ನಡುವೆಯೇ ದಟ್ಟವಾಗಿ ನಿಂತು, ಸುತ್ತ ಬರಿಯ ಎಣ್ಣೆಯ ಉಂಗುರ ಉಳಿದಿದ್ದರೆ ಬದಲಿಸುವ ಹೊತ್ತು ಬಂದಿದೆ. ನೀರಿನ ಅನುಮಾನವಿದ್ದರೆ ಚೆನ್ನಾಗಿ ಕಾದ ತಗಡಿನ ಮೇಲೆ ಒಂದೇ ಹನಿ ಬಿಡಿ. ಚಟಪಟ ಸಿಡಿದರೆ ನೀರು ಬೆರೆತಿದೆ. ಕಣ್ಣಿಗೆ ರಕ್ಷಣೆಯಿಟ್ಟುಕೊಂಡು, ಮಕ್ಕಳನ್ನು ದೂರವಿರಿಸಿ ಈ ಪರೀಕ್ಷೆ ಮಾಡಬೇಕು. ಬಾಡಿಗೆಗೆ ಓಡುವ ಟ್ರ್ಯಾಕ್ಟರುಗಳ ಚಾಲಕರನ್ನು ಇಂತಹ ತರಬೇತಿಗೆ ತಪ್ಪದೆ ಕರೆಯಿರಿ. ಒಡೆಯನಿಗಿಂತ ಮೊದಲು ಎಂಜಿನ್ನಿನ ಬದಲಾವಣೆ ಗಮನಕ್ಕೆ ಬರುವುದು ಅವರಿಗೇ.

ಮುಂಗಾರಿಗೆ ಮುನ್ನ ನೆನಪಿಡಬೇಕಾದ ಅಂಶಗಳು

• ಏಪ್ರಿಲ್ ತಿಂಗಳಿನಲ್ಲಿಯೇ 100 ಲೀಟರ್ ಡೀಸೆಲಿಗೆ ಎಷ್ಟು ಎಣ್ಣೆ ಖರ್ಚಾಗುತ್ತಿದೆ ಎಂದು ಅಳೆಯಿರಿ. ರಿಪೇರಿ ಬೇಕಿದ್ದರೆ ಮೇ ತಿಂಗಳು ಕೈಯಲ್ಲಿರುತ್ತದೆ.
• ಎಣ್ಣೆಗೆ ಮೊದಲು ಏರ್ ಕ್ಲೀನರ್, ಅದರ ರಬ್ಬರ್ ಕೊಳವೆ ಮತ್ತು ಒತ್ತಡದ ಗೇಜನ್ನು ಪರೀಕ್ಷಿಸಿ.
• ದೋಷವಿಲ್ಲದಿದ್ದರೆ ಕೈಪಿಡಿಯ ದರ್ಜೆ. ಕೈಪಿಡಿ ಇಲ್ಲದಿದ್ದರೆ 15ಡಬ್ಲ್ಯೂ-40, ಸಿಐ-4.
• 20ಡಬ್ಲ್ಯೂ-50 ಎಣ್ಣೆಗೆ ಹೋಗುವುದು ಎಲ್ಲ ಪರಿಶೀಲನೆಗಳು ಮುಗಿದ ಮೇಲೆ, ತಾತ್ಕಾಲಿಕವಾಗಿ ಮಾತ್ರ.
• ಬದಲಿಸಿದ ದಿನ, ಎಣ್ಣೆಯ ದರ್ಜೆ, ಅಂದಿನಿಂದ ಹಾಕಿದ ಡೀಸೆಲ್ ಇವುಗಳನ್ನು ಬರೆದಿಡಿ. ಮುಂದಿನ ವರ್ಷ ಎಂಜಿನ್ನಿನ ಸ್ಥಿತಿಯನ್ನು ಹೋಲಿಸಿ ನೋಡಲು ಆ ಪುಟವೇ ಆಧಾರ.